ದುರ್ಗದ ಹಾದಿಗೆ 25 ಸೀಸೆ

ಶುಕ್ರವಾರ

ಅಕ್ಟೋಬರ್ ತಿಂಗಳ ಎರಡನೆಯ ವಾರ. ಎಡೆಬಿಡದೆ ಹಿಡಿದಿದ್ದ ಮಳೆ ಹಿಂದಿನ ದಿನವಷ್ಟೇ ಬಿಡುವು ಕೊಟ್ಟಿತ್ತು. ಸಂಜೆ ಕಾಲೇಜಿನಿಂದ ಬಂದವಳೇ ಊಟದ ಮೇಜಿನ ಮೇಲೆ ದಪ್ಪ ಕಾಗದ ಹರಡಿಕೊಂಡು ಎರಡು ಬೆರಳಗಲದ 25 ಚೀಟಿಗಳನ್ನು ಕತ್ತರಿಸಿದೆ. ಪ್ರತಿಯೊಂದರ ಮೇಲೂ ‘ತುಮಕೂರು ಜಿಲ್ಲೆ, ದೇವರಾಯನದುರ್ಗ’ ಎಂದು ಪೆನ್ಸಿಲಿನಲ್ಲಿ ಬರೆದು, ಅಕ್ಷಾಂಶ, ರೇಖಾಂಶ, ಎತ್ತರ, ಜೇಡ ಸಿಕ್ಕ ಹೊತ್ತು, ಸಿಕ್ಕ ಗಿಡ ಅಥವಾ ಬಂಡೆ, ಹಿಡಿದವರ ಹೆಸರು ಇವಿಷ್ಟಕ್ಕೆ ಜಾಗ ಬಿಟ್ಟೆ.

ಪೆನ್ಸಿಲನ್ನೇ ಹಿಡಿಯುವುದಕ್ಕೆ ಕಾರಣವಿದೆ. ಎಂ.ಎಸ್ಸಿ. ಓದುತ್ತಿದ್ದಾಗ ಒಂದು ಮಳೆಗಾಲವಿಡೀ ಅಲೆದು 31 ಸೀಸೆಗಳಷ್ಟು ಜೇಡಗಳನ್ನು ಕೂಡಿಸಿದ್ದೆ. ಚೀಟಿಗಳನ್ನು ಬಾಲ್ ಪೆನ್ನಿನಲ್ಲಿ ಬರೆದು ಸೀಸೆಯೊಳಗೆ ಹಾಕಿಟ್ಟಿದ್ದೆ. ಆರು ತಿಂಗಳು ಕಳೆದು ಬೀರು ತೆರೆದಾಗ ಶಾಯಿ ಆಲ್ಕೋಹಾಲಿನಲ್ಲಿ ಕರಗಿ, ಸೀಸೆಯ ದ್ರವವೆಲ್ಲ ತಿಳಿನೀಲಿಯಾಗಿ, ಚೀಟಿಗಳು ಬೋಳಾಗಿದ್ದವು. ಜೇಡಗಳು ಇದ್ದಂತೆಯೇ ಇದ್ದವು. ಆದರೆ ಯಾವುದು ಯಾವ ಊರಿನದು, ಯಾವ ಗಿಡದ ಮೇಲಿನದು, ಯಾವ ತಿಂಗಳಿನದು ಎಂದು ಹೇಳುವ ದಾರಿ ಇರಲಿಲ್ಲ. ಎಲ್ಲಿಯದೆಂದು ಗೊತ್ತಿಲ್ಲದ ಜೇಡ ಅಧ್ಯಯನಕ್ಕೆ ಬಾರದು. ಅಷ್ಟು ಜೀವಗಳನ್ನು ವ್ಯರ್ಥವಾಗಿ ತೆಗೆದೆನಲ್ಲ ಎಂಬ ಸಂಕಟ ಈಗಲೂ ನನ್ನಲ್ಲಿ ಹಾಗೆಯೇ ಇದೆ. ಅಂದಿನಿಂದ ಸೀಸೆಗಿಂತ ಮೊದಲು ಚೀಟಿಯನ್ನು ಸಿದ್ಧಮಾಡುತ್ತೇನೆ.

ದುರ್ಗದ ಸುತ್ತಲಿನ ಕಾಡು ಸರ್ಕಾರದ ಅರಣ್ಯ. ಅಲ್ಲಿಂದ ಒಂದು ಹುಳುವನ್ನು ಒಯ್ಯುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅನುಮತಿಯ ಪತ್ರ ಬಂದಿತ್ತು. ಅದರ ಮೂರು ಪ್ರತಿಗಳನ್ನು ಚೀಲಕ್ಕೆ ಹಾಕಿದೆ. ಅದರ ಜೊತೆಗೆ 70 ಪ್ರತಿಶತ ಆಲ್ಕೋಹಾಲು ತುಂಬಿದ ಸೀಸೆಗಳು, ಗಾಳಿಗೆ ಸಣ್ಣ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗಳು, ಎರಡು ಬಣ್ಣದ ಕುಂಚ, ಭೂತಗನ್ನಡಿ, ಒಂದು ತುದಿಗೆ ತೆಳುಬಟ್ಟೆ ಕಟ್ಟಿದ ಹೀರುಕೊಳವೆ, ತಲೆಗೆ ಕಟ್ಟುವ ಟಾರ್ಚು ಮತ್ತು ಬಿಳಿಯ ಬಟ್ಟೆಯ ಒಂದು ಹಳೆಯ ಕೊಡೆ. ಫೋಟೊ ನೋಡಿ ಜಾತಿ ಗುರುತಿಸಬಹುದಾದದ್ದನ್ನು ಹಿಡಿಯುವುದಿಲ್ಲ, ಹಿಡಿದರೆ ಒಂದು ಜಾತಿಗೆ ಒಂದು ಹೆಣ್ಣು, ಒಂದು ಗಂಡು, ಅಷ್ಟೇ ಎಂಬುದು ನಾನು ನನಗೇ ಹಾಕಿಕೊಂಡ ಕಟ್ಟಳೆ.

ಶನಿವಾರ

ಬೆಳಗ್ಗೆ ಆರಕ್ಕೆ ತುಮಕೂರು ಬಿಟ್ಟೆವು. ನನ್ನೊಂದಿಗೆ ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಮತ್ತು ನಮ್ಮ ಬಡಾವಣೆಯಲ್ಲೇ ಇರುವ ನಿವೃತ್ತ ಕನ್ನಡ ಮೇಷ್ಟ್ರು. ಮೇಷ್ಟ್ರಿಗೆ ಫೋಟೊ ತೆಗೆಯುವ ಹವ್ಯಾಸ. ಎಪ್ಪತ್ತು ದಾಟಿದ್ದರೂ ಒಂದು ಎಲೆಯ ಮುಂದೆ ಅರ್ಧ ಗಂಟೆ ಅಲುಗಾಡದೆ ಕೂರುವ ತಾಳ್ಮೆ ಅವರಿಗಿದೆ. ಊರಿನಿಂದ ದುರ್ಗಕ್ಕೆ ಸುಮಾರು 15 ಕಿಲೋಮೀಟರ್. ಹಳೆಯ ಕಾಲದಲ್ಲಿ ಕರಿಗಿರಿ ಎನಿಸಿಕೊಂಡಿದ್ದ ಈ ಬೆಟ್ಟ ಮೈಸೂರಿನ ಚಿಕ್ಕದೇವರಾಜ ಒಡೆಯರ ವಶವಾದ ಮೇಲೆ ದೇವರಾಯನದುರ್ಗವಾಯಿತು. ಎತ್ತರ 1,204 ಮೀಟರ್. ಭೋಗನರಸಿಂಹ, ಯೋಗನರಸಿಂಹರ ದರ್ಶನಕ್ಕೆ ಬರುವವರೇ ಇಲ್ಲಿ ಹೆಚ್ಚು.

ಕಾಡು ಶುರುವಾಗುವ ಮೊದಲೇ, ರಸ್ತೆಯಂಚಿನ ಹುಲ್ಲಿನಲ್ಲಿ ಕೆಲಸ ಶುರುವಾಯಿತು. ಇಬ್ಬನಿ ಇಳಿದಿದ್ದ ಆ ಹೊತ್ತಿನಲ್ಲಿ ಹುಲ್ಲಿನ ಮೇಲೆ ಅಲ್ಲಲ್ಲಿ ಯಾರೋ ಕರವಸ್ತ್ರ ಒಣಹಾಕಿದಂತೆ ಬಿಳಿಯ ಹಾಸುಗಳು ಕಂಡವು. ಪ್ರತಿ ಹಾಸೂ ಒಂದು ಮೂಲೆಯಲ್ಲಿ ಆಲಿಕೆಯಂತೆ ಕಿರಿದಾಗಿ ನೆಲದೊಳಕ್ಕೆ ಇಳಿಯುತ್ತದೆ. ಆ ಬಾಯಲ್ಲಿ ಜೇಡ ಕಾದಿರುತ್ತದೆ. ಇದು ಹಿಪ್ಪಾಸ ಎಂಬ ಕುಲ. ತೋಳ ಜೇಡಗಳ ಕುಟುಂಬದಲ್ಲಿ ಹೆಚ್ಚಿನವು ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತವೆ, ಇದು ಮಾತ್ರ ಅದೇ ಕುಟುಂಬದ್ದಾದರೂ ಬಲೆಯನ್ನು ಬಿಡದೆ ಬಾಳುತ್ತದೆ. ಹಾಸಿನ ಅಂಚನ್ನು ಹುಲ್ಲುಕಡ್ಡಿಯಿಂದ ಮೆಲ್ಲಗೆ ತಟ್ಟಿದಾಗ ಆಲಿಕೆಯಿಂದ ಜೇಡ ಬಾಣದಂತೆ ಹೊರಬಂದು, ಬೇಟೆಯಲ್ಲವೆಂದು ತಿಳಿದ ಕ್ಷಣವೇ ಹಿಂದಕ್ಕೆ ಓಡಿತು. ಮೂರನೆಯ ಸಲ ಬಂದಾಗ ಹಿಂದೆ ಡಬ್ಬಿ ಹಿಡಿದು ದಾರಿ ಕಟ್ಟಿದೆ. ಪೂರ್ಣ ಬೆಳೆದ ಹೆಣ್ಣು. ಚೀಟಿ ಸಂಖ್ಯೆ 1.

ನಾಮದ ಚಿಲುಮೆಯಲ್ಲಿ ಅರಣ್ಯ ರಕ್ಷಕರು ನಮಗಾಗಿ ಕಾದಿದ್ದರು. ಪತ್ರವನ್ನು ಪೂರ್ತಿ ಓದಿ, ಸೀಸೆಗಳನ್ನು ಎಣಿಸಿ, “ಸಂಜೆ ಆರಕ್ಕೆ ವಾಪಸ್ ಇಲ್ಲೇ ಇರ್ಬೇಕು ಮೇಡಂ. ಕರಡಿ ಓಡಾಡ್ತವೆ” ಎಂದರು. ಹಣೆಗೆ ನಾಮವಿಟ್ಟುಕೊಳ್ಳಲು ನೀರಿಲ್ಲದಾಗ ರಾಮ ಬಾಣ ಬಿಟ್ಟು ಬಂಡೆಯಿಂದ ಚಿಮ್ಮಿಸಿದ ನೀರು ಎಂದು ಜನ ನಂಬುವ ಚಿಲುಮೆ ಅದು. ದರ್ಶನ ಮಾಡಿ, ಕಟ್ಟಿಸಿಕೊಂಡು ಹೋಗಿದ್ದ ತಟ್ಟೆ ಇಡ್ಲಿಯನ್ನು ಅಲ್ಲೇ ತಿಂದೆವು.

ತಿನ್ನುತ್ತಿದ್ದಾಗಲೇ ಪಕ್ಕದ ಮಾವಿನ ಮರದಲ್ಲಿ ಕೆಂಜಗದ ಸಾಲು ಕಂಡಿತು. ಎಲೆಗಳನ್ನು ಹೊಲಿದು ಗೂಡು ಕಟ್ಟುವ ಈ ಕೆಂಪು ಇರುವೆಯ ಕಡಿತ ಗೊತ್ತಿರುವವರು ಅದರ ಹತ್ತಿರ ಹೋಗುವುದಿಲ್ಲ, ಹಕ್ಕಿಗಳೂ ಹೋಗುವುದಿಲ್ಲ. ಸಾಲಿನಿಂದ ಒಂದು ಗೇಣು ದೂರದಲ್ಲಿ, ಎಲೆಯ ಮೇಲೆ ಒಂಟಿಯಾಗಿ ಒಂದು ‘ಇರುವೆ’ ನಿಂತಿತ್ತು. ಅದೇ ಬಣ್ಣ, ಅದೇ ಸಣ್ಣ ಸೊಂಟ, ತಲೆಯ ಮುಂದೆ ಅಲುಗುವ ಎರಡು ಮೀಸೆ. ವಿದ್ಯಾರ್ಥಿನಿಗೆ ಭೂತಗನ್ನಡಿ ಕೊಟ್ಟು ಕಾಲು ಎಣಿಸಲು ಹೇಳಿದೆ. ಎಣಿಸಿದಳು, ಮತ್ತೆ ಎಣಿಸಿದಳು. “ಮೇಡಂ, ಮೀಸೆ ಅನ್ಕೊಂಡಿದ್ದು ಮುಂದಿನ ಕಾಲು” ಎಂದಳು. ಹೌದು, ಜೇಡಕ್ಕೆ ಮೀಸೆಯಿಲ್ಲ. ನೆಗೆಯುವ ಜೇಡಗಳ ಕುಟುಂಬದ ಈ ಮಿರ್ಮಾಪ್ಲಾಟ ಪ್ಲಾಟಲಿಯಾಯ್ಡಿಸ್ ಮುಂದಿನ ಎರಡು ಕಾಲುಗಳನ್ನು ಎತ್ತಿ ಆಡಿಸುತ್ತ ಇರುವೆಯ ಮೀಸೆಯನ್ನು ನಟಿಸುತ್ತದೆ. ಹೀಗೆ ಇರುವೆಯ ವೇಷ ಹಾಕಿ, ಇರುವೆಗೆ ಹೆದರುವ ಶತ್ರುಗಳಿಂದ ತಪ್ಪಿಸಿಕೊಳ್ಳುತ್ತದೆ. ನಾನು ಬೆರಳನ್ನು ಹತ್ತಿರ ಒಯ್ದೆ. ಇರುವೆಯಾಗಿದ್ದರೆ ತಿರುಗಿ ನಿಂತು ಬಾಯಿ ತೆರೆಯುತ್ತಿತ್ತು. ಇದು ಎಲೆಯಂಚಿನಿಂದ ಜಾರಿ, ಬೆಳ್ಳಿಯಂಥ ಒಂದೇ ಒಂದು ನೂಲಿನಲ್ಲಿ ಗಾಳಿಯಲ್ಲಿ ತೂಗಾಡಿತು. ವೇಷ ಕಳಚಿದ್ದು ಆ ನೂಲಿನಿಂದ. ಮೇಷ್ಟ್ರು ತೆಗೆದ ಫೋಟೊದಲ್ಲಿ ಎಲ್ಲ ಸ್ಪಷ್ಟವಾಗಿತ್ತು, ಹಿಡಿಯಲಿಲ್ಲ.

ಚಿಲುಮೆಯಿಂದ ಬೆಟ್ಟದ ಕಡೆಗೆ ಏರುವ ಕಾಲುದಾರಿ ಮೊದಲ ಒಂದು ಕಿಲೋಮೀಟರಿನಷ್ಟು ಕುರುಚಲು ಕಾಡಿನಲ್ಲಿ ಸಾಗುತ್ತದೆ. ಬಂದರೆ ಗಿಡ, ಲಂಟಾನ, ನಡುನಡುವೆ ಜಾಲಾರಿ, ದಿಂಡಿಗ, ಕಕ್ಕೆ. ಇಂಥ ಕಡೆ ಕೊಡೆಯೇ ದೊಡ್ಡ ಸಾಧನ. ಗಿಡದ ಕೆಳಗೆ ಅದನ್ನು ತಲೆಕೆಳಗಾಗಿ ಹಿಡಿದು, ಕೊಂಬೆಯನ್ನು ಕೋಲಿನಿಂದ ಎರಡು ಸಲ ಬಡಿದರೆ ಒಣಎಲೆ, ಹುಳ, ಕಡ್ಡಿಗಳೊಂದಿಗೆ ಜೇಡಗಳೂ ಬಿಳಿ ಬಟ್ಟೆಯ ಮೇಲೆ ಉದುರುತ್ತವೆ. ಮೊದಲು ಯಾವುದೂ ಅಲುಗುವುದಿಲ್ಲ. ಕಾಲು ಮಡಚಿ ಸತ್ತಂತೆ ಬಿದ್ದಿರುತ್ತವೆ. ಹತ್ತು ಎಣಿಸುವಷ್ಟು ಕಾದರೆ ಕಸವೆಂದುಕೊಂಡದ್ದಕ್ಕೆ ಕಾಲು ಬರುತ್ತದೆ. ಅಷ್ಟರಲ್ಲಿ ಸಣ್ಣವನ್ನು ಹೀರುಕೊಳವೆಯಲ್ಲಿ ಎಳೆದುಕೊಳ್ಳಬೇಕು, ಮೆತ್ತಗಿನವನ್ನು ಒದ್ದೆ ಕುಂಚದ ತುದಿಗೆ ಅಂಟಿಸಿಕೊಳ್ಳಬೇಕು. ಚಿಮಟ ಹಿಡಿದರೆ ಕಾಲು ಮುರಿಯುತ್ತದೆ. ಬಂದರೆ ಗಿಡಗಳಿಂದ ಮೈಯೆಲ್ಲ ಎಳೆಹಸಿರು, ಕಾಲಿನ ತುಂಬ ಕರಿಮುಳ್ಳು ಇರುವ ಪ್ಯೂಸೀಟಿಯ, ಅದರ ಚಿಕ್ಕ ದಾಯಾದಿ ಆಕ್ಸಿಯೋಪಿಸ್, ಪಕ್ಕಕ್ಕೆ ಸರಿದು ನಡೆಯುವ ಎರಡು ಬಗೆಯ ಏಡಿ ಜೇಡ ಸಿಕ್ಕವು. ಹತ್ತೂವರೆಯ ಹೊತ್ತಿಗೆ ಏಳು ಚೀಟಿ ತುಂಬಿದ್ದವು. ಮುಂದಿನ ಅರ್ಧ ಗಂಟೆ ಲಂಟಾನ ಪೊದೆಗಳನ್ನು ಬಡಿದದ್ದು ವ್ಯರ್ಥವಾಯಿತು.

ಆಮೇಲೆ ಸಿಕ್ಕದ್ದರ ಮುಂದೆ ನಾವು ಒಂದು ಗಂಟೆ ಕೂತೆವು. ಒಂದು ಮುಳ್ಳುಗಿಡದ ನೆತ್ತಿಯಲ್ಲಿ ಒಣಎಲೆ, ಹುಳಗಳ ರೆಕ್ಕೆ, ಧೂಳು ಎಲ್ಲ ಸೇರಿ ಹೆಪ್ಪುಗಟ್ಟಿದಂಥ ತೆಂಗಿನಕಾಯಿ ಗಾತ್ರದ ಬೂದು ಮುದ್ದೆ. ಅದರಿಂದ ಸುತ್ತಲಿನ ಕೊಂಬೆಗಳಿಗೆ ಹಾಸಿದ ಅಂಟುಬಲೆ. ನೋಡಿದವರು ಪಾಳುಬಿದ್ದ ಗೂಡೆಂದುಕೊಂಡು ಮುಂದೆ ಹೋಗುತ್ತಾರೆ. ಅದೊಂದು ತುಂಬಿದ ಮನೆ. ಜೇಡಗಳೆಂದರೆ ಒಂದನ್ನೊಂದು ತಿನ್ನುವ ಒಂಟಿ ಜೀವಿಗಳು ಎಂಬುದು ಸಾಮಾನ್ಯ ಮಾತು. ಈ ಮುದ್ದೆಯಲ್ಲಿ ಮನೆ ಮಾಡಿದ್ದ ಸ್ಟೆಗೋಡೈಫಸ್ ಸರಸಿನೋರಮ್ ಎಂಬ ಜೇಡ ಆ ಮಾತಿಗೆ ಹೊರತು. ನಮ್ಮ ಬಯಲುಸೀಮೆಯ ಮುಳ್ಳುಪೊದೆಗಳಲ್ಲಿ ಇವು ಹತ್ತಾರು, ಕೆಲವೊಮ್ಮೆ ನೂರಾರು ಒಟ್ಟಿಗೆ ಬಾಳುತ್ತವೆ. ನಾವು ನೋಡುತ್ತಿದ್ದಂತೆ ಒಂದು ಮಿಡತೆ ಹಾರಿ ಬಂದು ಬಲೆಗೆ ಸಿಕ್ಕಿಕೊಂಡು ಒದ್ದಾಡಿತು. ಮುದ್ದೆಯ ತೂತುಗಳಿಂದ ಒಂದು, ಎರಡು, ಐದು, ಒಂಬತ್ತು ಜೇಡಗಳು ಹೊರಬಂದವು. ಮಿಡತೆ ಕೊಸರಿದಾಗ ಎಲ್ಲವೂ ಒಟ್ಟಿಗೆ ನಿಂತವು. ಅದು ಸುಮ್ಮನಾದಾಗ ಒಟ್ಟಿಗೆ ಮುಂದೆ ಸಾಗಿದವು. ಬಲೆಯ ಕಂಪನವೇ ಅವುಗಳಿಗೆ ಕಣ್ಣು, ಕಿವಿ. ಒಂದೊಂದು ಒಂದೊಂದು ಕಾಲು ಹಿಡಿದು, ತಮಗಿಂತ ಎಷ್ಟೋ ಪಟ್ಟು ದೊಡ್ಡದಾದ ಅದನ್ನು ಗೂಡಿನ ಕಡೆಗೆ ಎಳೆದುಕೊಂಡು ಹೋದವು.

ಇವುಗಳ ತಾಯ್ತನದ ಬಗೆಯನ್ನು ವಿದ್ಯಾರ್ಥಿನಿಗೆ ಹೇಳುತ್ತಿದ್ದಾಗ ರಕ್ಷಕರೂ ಹತ್ತಿರ ಬಂದು ಕೂತರು. ಮರಿಗಳು ಮೊಟ್ಟೆಯೊಡೆದು ಬಂದ ಮೇಲೆ ತಾಯಿ ತನ್ನ ಹೊಟ್ಟೆಯಲ್ಲಿ ಕರಗಿಸಿದ ಆಹಾರವನ್ನು ಬಾಯಿಂದ ಬಾಯಿಗೆ ಊಡುತ್ತದೆ. ಕೊನೆಗೆ ಮರಿಗಳು ತಾಯಿಯನ್ನೇ ತಿಂದು ಮುಗಿಸುತ್ತವೆ, ತಾಯಿ ತಡೆಯುವುದಿಲ್ಲ. ಗೂಡಿನ ಬೇರೆ ಹೆಣ್ಣುಗಳೂ ತಾವು ಹೆರದ ಮರಿಗಳಿಗೆ ಹೀಗೆಯೇ ಆಹಾರವಾಗುವುದುಂಟು. ರಕ್ಷಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬೇಲಿ ಸವರೋವಾಗ ಇಂಥವನ್ನ ಎಷ್ಟು ಸುಟ್ಟಿದೀವೋ ಮೇಡಂ, ಒಳಗೆ ಸಂಸಾರ ಅದೆ ಅಂತ ಗೊತ್ತೇ ಇರ್ಲಿಲ್ಲ” ಎಂದರು. ಗೂಡನ್ನು ಬಿಚ್ಚದೆ, ಬೇಟೆಗೆ ಹೊರಬಂದಿದ್ದವುಗಳಲ್ಲಿ ಎರಡನ್ನು ಮಾತ್ರ ಕುಂಚದಿಂದ ಡಬ್ಬಿಗೆ ಇಳಿಸಿಕೊಂಡೆ. ಎರಡೂ ಇನ್ನೂ ಬೆಳೆಯುವ ವಯಸ್ಸಿನವೆಂದು ಅನಿಸಿದ್ದರಿಂದ ಆಲ್ಕೋಹಾಲಿಗೆ ಹಾಕಲಿಲ್ಲ.

ಮಧ್ಯಾಹ್ನಕ್ಕೆ ಹಳ್ಳದ ತಂಪಿಗೆ ಬಂದೆವು. ಜಯಮಂಗಲಿ, ಶಿಂಷಾ ಎರಡೂ ಹುಟ್ಟುವುದು ಈ ಬೆಟ್ಟಗಳಲ್ಲೇ. ಮಳೆಗಾಲ ಕಳೆದ ಹೊಸತರಲ್ಲಿ ಪ್ರತಿ ಕೊರಕಲಿನಲ್ಲೂ ಸ್ವಲ್ಪ ನೀರು ಹರಿಯುತ್ತಿರುತ್ತದೆ. ಹಳ್ಳದ ಆಚೆ ಈಚೆಯ ಎರಡು ಮರಗಳ ನಡುವೆ, ನಮ್ಮ ತಲೆಗಿಂತ ಮೇಲೆ, ಒಂದು ಮೀಟರಿಗೂ ಅಗಲವಾದ ಬಲೆಯಲ್ಲಿ ನೆಫಿಲ ಪಿಲಿಪೆಸ್ ಹೆಣ್ಣು ತಲೆಕೆಳಗಾಗಿ ಕೂತಿತ್ತು. ಬಿಸಿಲು ಓರೆಯಾಗಿ ಬಿದ್ದಾಗ ನೂಲಿಗೆ ಹೊಂಬಣ್ಣ ಬಂತು. ಅದು ಬಿಸಿಲು ಹಚ್ಚಿದ ಬಣ್ಣವಲ್ಲ, ನೂಲಿನ ಬಣ್ಣವೇ ಅದು. ಹೆಣ್ಣಿನ ಮೈ ನನ್ನ ಹೆಬ್ಬೆರಳಿನ ಮೊದಲ ಗೆಣ್ಣಿಗಿಂತ ಉದ್ದ. ಬಲೆಯ ಮೇಲಂಚಿನಲ್ಲಿ ಕಂದುಬಣ್ಣದ ಎರಡು ಗಂಡುಗಳಿದ್ದವು, ಒಂದೊಂದೂ ಅಕ್ಕಿಕಾಳಿನಷ್ಟು. ಅದೇ ಬಲೆಯಲ್ಲಿ ಬೆಳ್ಳಿಯ ಹನಿಗಳಂತೆ ಹೊಳೆಯುವ ಆರ್ಜಿರೋಡಿಸ್ ಎಂಬ ಪುಟ್ಟ ಜೇಡಗಳೂ ಇದ್ದವು. ಅವು ಸ್ವಂತ ಬಲೆಯ ಗೋಜಿಗೆ ಹೋಗದೆ, ದೊಡ್ಡ ಜೇಡ ಗಮನಿಸದ ಸಣ್ಣ ಹುಳಗಳನ್ನು ಅದರ ಬಲೆಯಲ್ಲೇ ಕದ್ದು ತಿಂದು ಬದುಕುತ್ತವೆ.

ಬುತ್ತಿ ಬಿಚ್ಚಿ ಚಿತ್ರಾನ್ನ, ಮೊಸರನ್ನ ತಿನ್ನುವಾಗ ಮೇಷ್ಟ್ರು ಬಲೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: “ಜೇಡರ ದಾಸಿಮಯ್ಯ ಅಂತೀವಲ್ಲಮ್ಮ, ಅಲ್ಲಿ ಜೇಡ ಅಂದ್ರೆ ನೇಕಾರ. ಹಳಬರು ನೇಯೋರಿಗೂ ಈ ಹುಳುವಿಗೂ ಒಂದೇ ಹೆಸರಿಟ್ಟಿದ್ರು.” ನಾನು ಇಷ್ಟು ವರ್ಷ ಜೇಡ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಆಡುತ್ತಿದ್ದರೂ ಅದನ್ನು ಹೀಗೆ ಕೇಳಿಸಿಕೊಂಡಿರಲಿಲ್ಲ. ಮಗ್ಗದಲ್ಲಿ ಹಾಸೂ ಹೊಕ್ಕೂ ಬೇರೆಯಾಗಿರುವಂತೆ ಈ ದುಂಡುಬಲೆಯಲ್ಲೂ ನೂಲು ಎರಡು ಬಗೆ: ನಡುವಿನಿಂದ ಹೊರಕ್ಕೆ ಹೋಗುವ ಕಡ್ಡಿನೂಲುಗಳಲ್ಲಿ ಅಂಟಿಲ್ಲ, ಸುತ್ತುವ ನೂಲುಗಳಲ್ಲಿ ಅಂಟಿದೆ. ಜೇಡ ತನ್ನ ಬಲೆಯಲ್ಲಿ ಓಡಾಡುವುದು ಬಹುಮಟ್ಟಿಗೆ ಅಂಟಿಲ್ಲದ ನೂಲನ್ನು ಹಿಡಿದೇ. ನೆಫಿಲವನ್ನು ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಬಲೆ ಹರಿಯದಂತೆ ಬಗ್ಗಿ ಕೆಳಗಿನಿಂದ ದಾಟಿದೆವು.

ಹಳ್ಳ ಬಿಟ್ಟು ಮೇಲೇರಿದಾಗ ದಾರಿಯ ಪಕ್ಕದ ಮಣ್ಣಿನ ಏರಿಯಲ್ಲಿ, ರೂಪಾಯಿ ನಾಣ್ಯದಷ್ಟು ಅಗಲದ, ಬಾಯಿಗೆ ರೇಷ್ಮೆಯ ಅಂಚು ಕಟ್ಟಿದ ಬಿಲವೊಂದನ್ನು ರಕ್ಷಕರು ತೋರಿಸಿದರು. ಒಳಗಿರುವುದು ಕೂದಲು ತುಂಬಿದ ದೊಡ್ಡ ಜೇಡ. ರಾತ್ರಿ ಬಾಯಿಗೆ ಬಂದು ಕೂರುತ್ತದಂತೆ. ಅಗೆದು ನೋಡೋಣವೇ ಎಂದು ವಿದ್ಯಾರ್ಥಿನಿ ಕೇಳಿದಳು. ಬೇಡವೆಂದೆ. ಬಿಲದ ಜೇಡಗಳಲ್ಲಿ ಹೆಣ್ಣುಗಳು ಬಹುಕಾಲ ಬದುಕುತ್ತವೆ. ಆಸ್ಟ್ರೇಲಿಯಾದಲ್ಲಿ 1974ರಿಂದ ಗುರುತು ಹಾಕಿ ಗಮನಿಸುತ್ತಿದ್ದ ಒಂದು ಬಾಗಿಲುಬಿಲದ ಹೆಣ್ಣುಜೇಡ 2016ರಲ್ಲಿ ಸತ್ತಾಗ ಅದಕ್ಕೆ 43 ವರ್ಷ. ಅಷ್ಟು ಕಾಲವೂ ಅದು ಒಂದೇ ಬಿಲದಲ್ಲಿತ್ತು. ನಮ್ಮೆದುರಿನ ಬಿಲದಲ್ಲಿ ಇದ್ದದ್ದು ಎಷ್ಟು ವರ್ಷದ್ದೋ, ಒಂದು ಗುದ್ದಲಿ ಏಟಿಗೆ ಅದನ್ನು ಮನೆಯಿಲ್ಲದಂತೆ ಮಾಡಲು ನನಗೆ ಮನಸ್ಸು ಬರಲಿಲ್ಲ.

ಅಲ್ಲಿಂದ ಮುಂದೆ ಮರದ ಕಾಂಡಗಳ ಸರದಿ. ಬೂದು ತೊಗಟೆಯ ದಿಂಡಿಗದ ಮೇಲೆ ಹರ್ಸಿಲಿಯ ಎಂಬ ಜೇಡವನ್ನು ಹುಡುಕಲು ಕಣ್ಣು ಸಾಲದು, ಕೈಯೂ ಬೇಕು. ಕಾಂಡದ ಸುತ್ತ ಅಂಗೈ ಸವರಿದಾಗ ತೊಗಟೆಯ ಒಂದು ಚೂರು ಸರಕ್ಕನೆ ಆಚೆಗೆ ಸರಿಯುತ್ತದೆ, ಅದೇ ಜೇಡ. ಹಿಂಬದಿಯಲ್ಲಿ ಎರಡು ಬಾಲದಂತೆ ಚಾಚಿಕೊಂಡಿರುವುದು ನೂಲು ಬಿಡುವ ಅಂಗ. ಹುಳ ಸಿಕ್ಕಿದರೆ ಅದರ ಸುತ್ತ ಚಕ್ರದಂತೆ ಓಡುತ್ತ ಆ ಅಂಗದಿಂದ ನೂಲು ಹೊದಿಸಿ, ಹುಳವನ್ನು ಮರಕ್ಕೇ ಕಟ್ಟಿಹಾಕುತ್ತದೆ. ಒಂದನ್ನು ಡಬ್ಬಿಗೆ ಹಾಕಿ, ಮರಕ್ಕೆ ದಾರ ಕಟ್ಟಿ ಗುರುತು ಮಾಡಿದೆ.

ಬೆಟ್ಟದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೋತಿಗಳಿಂದ ಚೀಲ ಕಾಪಾಡಿಕೊಳ್ಳುವುದೇ ಅಲ್ಲಿ ಕೆಲಸ. ಬಂಡೆಗಳ ನಡುವೆ, ಈ ಬೆಟ್ಟಕ್ಕೆ ಪಕ್ಷಿಪ್ರಿಯರನ್ನು ಕರೆತರುವ ಹಳದಿ ಕೊರಳಿನ ಪಿಕಳಾರದ ಜೋಡಿಯೊಂದು ಕಂಡದ್ದು ಮೇಷ್ಟ್ರ ಪುಣ್ಯ. ಇಳಿಯುವಾಗ ಬಲೆಯ ನಡುವೆ ಗುಣಾಕಾರದ ಚಿಹ್ನೆಯಂತೆ ಬಿಳಿ ಕಸೂತಿ ಹಾಕಿ, ಅದರ ಗೀಟುಗಳಿಗೆ ಸರಿಯಾಗಿ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕೂತಿದ್ದ ಸಹಿ ಜೇಡ ಸಿಕ್ಕಿತು. ಈ ಕಸೂತಿ ಹುಳಗಳನ್ನು ಸೆಳೆಯಲೋ, ಹಕ್ಕಿಗಳಿಗೆ ಬಲೆಯನ್ನು ತೋರಿಸಿ ದೂರವಿಡಲೋ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಐದೂ ಮುಕ್ಕಾಲಿಗೆ ಚಿಲುಮೆಯ ಹತ್ತಿರ ಬಂದಾಗ ಮರಗಳ ಕೆಳಗೆ ಆಗಲೇ ಕತ್ತಲು. ಟಾರ್ಚನ್ನು ಹಣೆಗೆ ಕಟ್ಟಿಕೊಂಡು ಹುಲ್ಲಿನ ಮೇಲೆ ಬೆಳಕು ಹಾಯಿಸಿದೆ. ಇಬ್ಬನಿಯಂತೆ ಹಸಿರು ಚುಕ್ಕಿಗಳು ಮಿನುಗಿದವು. ಹತ್ತಿರ ಹೋದರೆ ಪ್ರತಿ ಚುಕ್ಕಿಯ ಹಿಂದೆ ಒಂದು ತೋಳ ಜೇಡ. ರಾತ್ರಿ ಬೇಟೆಯಾಡುವ ಇವುಗಳ ಕಣ್ಣಿನೊಳಗೆ ಬೆಳಕನ್ನು ಹಿಂದಕ್ಕೆ ಹೊಳೆಯಿಸುವ ಪದರವಿದೆ. ಒಂದು ಕಡೆ ಚುಕ್ಕಿ ಒಂದಾಗಿರದೆ ಪುಡಿ ಚೆಲ್ಲಿದಂತಿತ್ತು. ತಾಯಿಯ ಬೆನ್ನಿನ ಮೇಲೆ ಮರಿಗಳು ಒಂದರ ಮೇಲೊಂದು ಕೂತಿದ್ದವು, ಅವುಗಳ ಕಣ್ಣೂ ಹೊಳೆಯುತ್ತಿತ್ತು. ಬೆಳಕು ಆರಿಸಿ ಅದಕ್ಕೆ ದಾರಿ ಬಿಟ್ಟೆವು.

25 ಸೀಸೆಗಳಲ್ಲಿ 16 ತುಂಬಿದ್ದವು. ಜೀವಂತವಾಗಿ ಡಬ್ಬಿಗಳಲ್ಲಿ ಇದ್ದವು ಐದು. ರಕ್ಷಕರು ಎಣಿಸಿ, ಪುಸ್ತಕದಲ್ಲಿ ಬರೆದುಕೊಂಡು ಸಹಿ ಹಾಕಿಸಿಕೊಂಡರು.

ಭಾನುವಾರ

ಬೆಳಗ್ಗೆ ಎಂಟಕ್ಕೆ ಪ್ರಯೋಗಾಲಯದ ಬೀಗ ತೆಗೆಸಿ ಸೂಕ್ಷ್ಮದರ್ಶಕದ ಮುಂದೆ ಕೂತೆವು. ಆಲ್ಕೋಹಾಲಿನಲ್ಲಿದ್ದ ಜೇಡಗಳೆಲ್ಲ ಕಾಲುಗಳನ್ನು ಎದೆಗೆ ಮಡಚಿಕೊಂಡಿದ್ದವು. ಜೇಡದ ಕಾಲಿನ ಮುಖ್ಯ ಕೀಲುಗಳನ್ನು ಮಡಚಲು ಸ್ನಾಯುವಿದೆ, ಚಾಚಲು ಇಲ್ಲ. ಮೈಯೊಳಗಿನ ದ್ರವದ ಒತ್ತಡದಿಂದಲೇ ಅದು ಕಾಲು ಚಾಚುತ್ತದೆ. ಪ್ರಾಣ ಹೋದೊಡನೆ ಒತ್ತಡವೂ ಹೋಗುತ್ತದೆ. ಇದನ್ನು ತಿಳಿದ ಮೇಲೆ ಮನೆಯ ಮೂಲೆಯಲ್ಲಿ ಮುದುಡಿ ಬಿದ್ದ ಜೇಡವನ್ನು ನೋಡುವ ನನ್ನ ಬಗೆಯೇ ಬದಲಾಯಿತು.

2022ರಲ್ಲಿ ಜಗತ್ತಿನಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 50,000 ದಾಟಿತು. ಬಣ್ಣ, ಗಾತ್ರ ನೋಡಿ ಇಷ್ಟರಲ್ಲಿ ಒಂದನ್ನು ಬೇರ್ಪಡಿಸಲಾಗದು. ಗಂಡಿನ ಬಾಯಿಯ ಪಕ್ಕದ ಸ್ಪರ್ಶಾಂಗದ ತುದಿಯಲ್ಲಿ ಬೀಜ ತುಂಬಿಕೊಳ್ಳುವ ಉಬ್ಬಿದೆ. ಹೆಣ್ಣಿನ ಹೊಟ್ಟೆಯ ಕೆಳಗೆ ಅದಕ್ಕೆ ಹೊಂದುವ ಗಟ್ಟಿಯಾದ ತಟ್ಟೆಯಿದೆ. ಜಾತಿ ಜಾತಿಗೂ ಇವುಗಳ ಕೊಂಡಿ, ತಿರುವು, ಮುಳ್ಳು ಬೇರೆ. ಆದ್ದರಿಂದಲೇ ಬೆಳೆದ ಜೇಡವಾಗಬೇಕು. ಮರಿಯನ್ನು ಕೊಂದರೆ ಅದರ ಹೆಸರು ಕೂಡ ಸಿಗುವುದಿಲ್ಲ. ಬಂದರೆ ಗಿಡದ ಆಕ್ಸಿಯೋಪಿಸ್ ಗಂಡನ್ನು ದೀಪದ ಕೆಳಗೆ ಸೂಜಿಯಿಂದ ಹೊರಳಿಸಿದಾಗ, ಸಾಸಿವೆಗಿಂತ ಸಣ್ಣದಾದ ಆ ಉಬ್ಬಿನಲ್ಲಿ ಕರಿಕಂದು ಬಣ್ಣದ ಒಂದು ಕೊಕ್ಕೆ, ಅದರ ಬುಡದಲ್ಲಿ ಸುರುಳಿಯಾಗಿ ಸುತ್ತಿದ ತೆಳು ನಾಳ ಕಂಡಿತು. ವಿದ್ಯಾರ್ಥಿನಿ ಅದನ್ನು ನೋಡಿ ಬರೆಯಲು ಎರಡು ಗಂಟೆ ತೆಗೆದುಕೊಂಡಳು, ನಾನು ಅವಸರಪಡಿಸಲಿಲ್ಲ. ಸಂಜೆಯ ಹೊತ್ತಿಗೆ ಹತ್ತಕ್ಕೆ ಜಾತಿಯ ಮಟ್ಟದವರೆಗೆ, ಐದಕ್ಕೆ ಕುಲದ ಮಟ್ಟದವರೆಗೆ ಹೆಸರು ಸಿಕ್ಕಿತು. ಒಂದು ಏಡಿ ಜೇಡ ನಮಗೆ ಸಿಕ್ಕ ಯಾವ ವಿವರಣೆಗೂ ಹೊಂದಲಿಲ್ಲ. ಅದರ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು, ಉಳಿದದ್ದನ್ನು ಇನ್ನೊಮ್ಮೆ ಓದಿ ನೋಡಿ ಸೀಸೆಗೆ ಹಾಕಿದೆ.

ಡಬ್ಬಿಗಳಲ್ಲಿದ್ದ ಐದೂ ಮರಿಗಳೇ ಆಗಿದ್ದವು. ನಾಲ್ಕೂವರೆಗೆ ಸ್ಕೂಟರಿನಲ್ಲಿ ಮತ್ತೆ ದುರ್ಗಕ್ಕೆ ಹೊರಟೆವು. ಸಮೂಹದ ಎರಡನ್ನು ಅದೇ ಮುಳ್ಳುಗಿಡದ ಹಾಸಿನ ಮೇಲೆ ಬಿಟ್ಟಾಗ ಒಂದು ಕ್ಷಣ ನಿಂತು, ಯಾವುದೋ ತೂತಿನೊಳಗೆ ಇಳಿದವು. ಪೊದೆಯವೆರಡನ್ನು ಬಂದರೆ ಗಿಡಕ್ಕೆ ಬಿಟ್ಟೆವು. ಕೊನೆಯದು ಹರ್ಸಿಲಿಯ. ದಾರ ಕಟ್ಟಿದ್ದ ದಿಂಡಿಗವನ್ನು ಹುಡುಕಿ, ಡಬ್ಬಿಯ ಬಾಯನ್ನು ಕಾಂಡಕ್ಕೆ ಒತ್ತಿ ಹಿಡಿದೆ. ಅದು ಹೊರಬಂದು ನಾಲ್ಕು ಬೆರಳು ದೂರ ಮೇಲಕ್ಕೆ ಸರಿದು, ತಲೆ ಕೆಳಗೆ ಮಾಡಿ ತೊಗಟೆಗೆ ಮೈ ಒತ್ತಿ ಕೂತಿತು. ವಿದ್ಯಾರ್ಥಿನಿ ಫೋಟೊ ತೆಗೆಯಲು ಮೊಬೈಲು ಎತ್ತುವಷ್ಟರಲ್ಲಿ ಅದು ಎಲ್ಲಿದೆಯೆಂದು ಇಬ್ಬರಿಗೂ ಕಾಣಲಿಲ್ಲ. ಮರಕ್ಕೆ ಕಟ್ಟಿದ್ದ ದಾರ ಬಿಚ್ಚಿಕೊಂಡು ಇಳಿದೆವು.